ಐನ್‌ಮನೆ ಕೆಡವಿದ ರಾತ್ರಿ

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಜೋರಾದರೆ ಕೊಡಗಿನ ಸುಂಟಿಕೊಪ್ಪದ ಈ ಕಡೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಎಲ್ಲೋ ಮರ ಬಿದ್ದು ತಂತಿ ತುಂಡಾಗಿರುತ್ತದೆ. ಆಮೇಲೆ ಟವರ್ ಬ್ಯಾಟರಿ ಮುಗಿದು ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಆದರೆ ಬ್ಲಾಕ್ ಜೋಡಿಸಿ ಮನೆ ಕಟ್ಟುವ ಆಟ ಮೈನ್‌ಕ್ರಾಫ್ಟ್‌ನ ನಮ್ಮ ಸರ್ವರ್ ಇರುವುದು ಮುಂಬೈಯಲ್ಲಿ, ಬಾಡಿಗೆಗೆ. ಅದು ಓಡುತ್ತಲೇ ಇರುತ್ತದೆ. ಆಡುವವರು ಮೈಸೂರಿನಿಂದ, ಮಂಗಳೂರಿನಿಂದ ಬರುತ್ತಲೇ ಇರುತ್ತಾರೆ. ಅದನ್ನು ಕಾಯುವ ನಾಲ್ಕು ಮಾಡರೇಟರ್‌ಗಳು ಮಾತ್ರ ಕೊಡಗಿನವರು. ನಾವೆಲ್ಲ ಒಟ್ಟಿಗೆ ಕತ್ತಲಲ್ಲಿ.

ಅಂಥ ಒಂದು ರಾತ್ರಿ ಒಬ್ಬ ಹುಡುಗ ಆಟದೊಳಗೆ ಕಟ್ಟಿದ್ದ ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲ ಮನೆ, ನೆಲಸಮವಾಯಿತು.

ಅವನು ಪಿಯುಸಿ ಓದುವವನು. ಎರಡು ತಿಂಗಳು ಕೂತು ಕಟ್ಟಿದ್ದ. ಡಾರ್ಕ್ ಓಕ್ ಕಂಬಗಳು, ಕಂಬಗಳ ನಡುವೆ ಕೂರಲು ಐಮರ, ಒಳಗೆ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆ, ಅಲ್ಲೊಂದು ದೀಪ. ಅವನ ಅಜ್ಜನ ಮನೆ ಹಾಗೇ ಇದೆಯಂತೆ. ನಾನು ಆಫೀಸಿನಿಂದ ಬಂದು ಸರ್ವರ್ ತೆರೆದ ಕೂಡಲೇ ದಿನಾ ಒಂದು ಸುತ್ತು ಆ ಮನೆ ನೋಡಿಕೊಂಡೇ ಮುಂದೆ ಹೋಗುತ್ತಿದ್ದೆ.

ಕರೆಂಟ್ ಬಂದ ತಕ್ಷಣ ಕೋರ್‌ಪ್ರೊಟೆಕ್ಟ್ ತೆರೆದೆ. ಯಾರು ಯಾವ ಬ್ಲಾಕ್ ಇಟ್ಟರು, ಯಾರು ಒಡೆದರು, ಎಷ್ಟು ಹೊತ್ತಿಗೆ ಎಂದು ಈ ಪ್ಲಗಿನ್ ಎಲ್ಲವನ್ನೂ ಬರೆದಿಡುತ್ತದೆ. ಹೆಸರು ಸಿಗಲು ಒಂದು ನಿಮಿಷ ಸಾಕಾಯಿತು. ಕುಶಾಲನಗರದಿಂದ ಫೋನಿನಲ್ಲಿ ಆಡುವ ಹದಿಮೂರರ ಹುಡುಗ. ಕೋಪ ಬಂತು. ಅವನಿಗೆ ಪರ್ಮನೆಂಟ್ ಬ್ಯಾನ್ ಹಾಕಿ ಮಲಗಿದೆ.

ನಿದ್ದೆ ಬರಲಿಲ್ಲ. ಎದ್ದು ಲಾಗ್ ಪೂರ್ತಿ ಓದಿದೆ. ಮೊದಲೇ ಓದಬೇಕಿತ್ತು. 1:52ಕ್ಕೆ ಶುರು. ಕೊಡಲಿಯಿಂದ ಒಂದೊಂದೇ ಬ್ಲಾಕ್, ಸುಮಾರು ನಲವತ್ತು ನಿಮಿಷ. ಸುಮ್ನೆ ಕೀಟಲೆಗೆ ಬಂದವನು ಟಿಎನ್‌ಟಿ ಸಿಡಿಮದ್ದು ಇಟ್ಟು ಓಡುತ್ತಾನೆ. ಕದಿಯಲು ಬಂದವನು ಮೊದಲು ಪೆಟ್ಟಿಗೆ ತೆರೆಯುತ್ತಾನೆ. ಒಳಗಿನ ಪೆಟ್ಟಿಗೆಯಲ್ಲಿ ಡೈಮಂಡ್ ಇತ್ತು. ಈ ಹುಡುಗ ಅದನ್ನು ಮುಟ್ಟಿರಲಿಲ್ಲ. ನಲವತ್ತು ನಿಮಿಷ ಒಬ್ಬನೇ ನಿಂತು ಮನೆಯನ್ನಷ್ಟೇ ಒಡೆದಿದ್ದಾನೆ ಎಂದರೆ ಅವನಿಗೆ ಏನೋ ಆಗಿದೆ ಅಂತಲೇ ಅರ್ಥ, ಅಲ್ವಾ?

ಮರುದಿನ ಡಿಸ್ಕಾರ್ಡ್ ಚಾಟ್ ಆ್ಯಪ್‌ನಲ್ಲಿ ಅವನನ್ನು ಮಾತಿಗೆ ಕರೆದೆ. ಮೊದಲು ಮಾತೇ ಇಲ್ಲ. ಆಮೇಲೆ ಮೆಲ್ಲಗೆ, 'ಅಕ್ಕಾ, ನಾನೂ ಒಂದು ಮನೆ ಕಟ್ಟಿದ್ದೆ. ಅದು ಲೈನ್ ಮನೆ ಅಂತ ಎಲ್ಲರೂ ನಕ್ಕರು' ಅಂದ.

ಅವನ ಅಪ್ಪ ಅಮ್ಮ ಸಿದ್ದಾಪುರದ ಕಡೆ ತೋಟದಲ್ಲಿ ಕೆಲಸ ಮಾಡುವವರು. ಅವನು ಬೆಳೆದದ್ದು ಲೈನ್ ಮನೆಯಲ್ಲಿ. ಉದ್ದಕ್ಕೆ ಒಂದೇ ಮಾಡು, ಸಾಲಾಗಿ ಬಾಗಿಲು, ಮುಂದೆ ನೀರಿನ ನಲ್ಲಿ. ತನಗೆ ಗೊತ್ತಿದ್ದ ಮನೆಯನ್ನು ಅವನು ಕಟ್ಟಿದ್ದ. ಐನ್‌ಮನೆಯ ಹುಡುಗ ವಾಯ್ಸ್ ಚಾಟ್‌ನಲ್ಲಿ ಎಲ್ಲರ ಎದುರು 'ನಮ್ಮ ಮನೆ ಪಕ್ಕ ಲೈನ್ ಮನೆ ಬಂತಲ್ಲಪ್ಪಾ' ಎಂದು ನಗಿಸಿದ್ದ. ಅಂದಿನಿಂದ ಇವನ ಹೆಸರೇ 'ಲೈನ್ ಮನೆ' ಆಗಿತ್ತು. ಒಡೆದ ಒಂದೊಂದು ಕಂಬದ ಲೆಕ್ಕವೂ ನನ್ನ ಲಾಗ್‌ನಲ್ಲಿತ್ತು. ಆಡಿದ ಮಾತು ಒಂದೂ ಇರಲಿಲ್ಲ.

ಪರ್ಮನೆಂಟ್ ಬ್ಯಾನ್ ತೆಗೆದು ಏಳು ದಿನಕ್ಕೆ ಇಳಿಸಿದೆ. ಒಡೆದದ್ದು ತಪ್ಪೇ, ಅದನ್ನು ಅವನಿಗೂ ಹೇಳಿದೆ. ಐನ್‌ಮನೆಯ ಹುಡುಗನನ್ನು ಬೇರೆಯಾಗಿ ಕರೆದು ಮಾತಾಡಿದೆ. ಅವನು ಕೆಟ್ಟವನಲ್ಲ. ಆ ಮಾತು ಎಲ್ಲಿ ತಾಗಿತು ಎಂದು ಗೊತ್ತಾದಾಗ ಅವನೇ ಸುಮ್ಮನಾದ. ಯಾವ ವಾಯ್ಸ್ ಚಾಟ್‌ನಲ್ಲಿ ನಗಿಸಿದನೋ ಅಲ್ಲೇ ತಪ್ಪಾಯಿತು ಎಂದು ಹೇಳಬೇಕು ಅಂದೆ. ಹೇಳಿದ.

ನಮ್ಮಲ್ಲಿ ಒಂದು ರೂಢಿ ಇತ್ತು. ಒಡೆದವನೇ ಕಟ್ಟಿಕೊಡಬೇಕು. ಬೇರೆ ಜಗಳಗಳಲ್ಲಿ ಅದು ಚೆನ್ನಾಗಿ ನಡೆದಿದೆ, ಜೊತೆಗೆ ಕಟ್ಟುತ್ತಾ ಸ್ನೇಹಿತರಾದವರೂ ಇದ್ದಾರೆ. ಈ ಸಲ ನನಗೆ ಮನಸ್ಸು ಬರಲಿಲ್ಲ. ಲೈನ್ ಮನೆಯ ಹುಡುಗ ವಾರಗಟ್ಟಲೆ ತೋಟದ ಯಜಮಾನರ ಹುಡುಗನ ಮನೆ ಕಟ್ಟುವುದು, ಉಳಿದವರು ನಿಂತು ನೋಡುವುದು. ಅದನ್ನು ಆಟದೊಳಗೂ ಮಾಡಿಸಬೇಕಾ? ರೋಲ್‌ಬ್ಯಾಕ್ ಕಮಾಂಡ್ ಕೊಟ್ಟೆ. ಕೆಲವೇ ಕ್ಷಣದಲ್ಲಿ ಐನ್‌ಮನೆ ಮತ್ತೆ ಎದ್ದು ನಿಂತಿತು.

ಹುಡುಗನಿಗೆ ಏನು ಶಿಕ್ಷೆ ಎಂದು ಎಲ್ಲರನ್ನೂ ಸೇರಿಸಿ ಓಟು ಹಾಕಿಸೋಣ ಎಂದು ಇನ್ನೊಬ್ಬ ಮಾಡರೇಟರ್ ಹೇಳಿದ್ದರು. ಅಂಥ ಓಟಿಗೆ ಹಳೆಯ ಉದಾಹರಣೆಯೂ ಇದೆ. 1993ರಲ್ಲಿ ಲ್ಯಾಂಬ್ಡಾಮೂ ಎಂಬ, ಬರೀ ಅಕ್ಷರಗಳಲ್ಲೇ ನಡೆಯುವ ಆನ್‌ಲೈನ್ ಲೋಕದಲ್ಲಿ ಒಬ್ಬ ಬೇರೆಯವರ ಪಾತ್ರಗಳ ಮೇಲೆ ಲೈಂಗಿಕ ಹಿಂಸೆ ನಡೆಸಿದಂತೆ ಬರೆದು ದೊಡ್ಡ ಗಲಾಟೆಯಾಗಿತ್ತು. ಸದಸ್ಯರು ಸಭೆ ಸೇರಿ ಗಂಟೆಗಟ್ಟಲೆ ಮಾತಾಡಿದರೂ ತೀರ್ಮಾನ ಆಗಲಿಲ್ಲ. ಕೊನೆಗೆ ನಿರ್ವಾಹಕನೊಬ್ಬ ತಾನೇ ಆ ಖಾತೆ ತೆಗೆದುಹಾಕಿದ. ಆಮೇಲೆ ಅಲ್ಲಿ ಅರ್ಜಿ, ಮತದಾನದ ವ್ಯವಸ್ಥೆ ಬಂತು. ಸರ್ವರ್‌ನ ನಿಯಮಕ್ಕೆ ಓಟು ಇರಲಿ, ನಾವೂ ಹಾಗೇ ಮಾಡುತ್ತೇವೆ. ಆದರೆ ಹದಿಮೂರರ ಹುಡುಗನನ್ನು ಮೂವತ್ತು ಜನರ ಮುಂದೆ ನಿಲ್ಲಿಸುವುದಕ್ಕೆ ನಾನು ಒಪ್ಪಲಿಲ್ಲ.

ಬೈಗುಳ ತಡೆಯುವ ಫಿಲ್ಟರ್ ಹಾಕಿದರೆ ಆಯಿತಲ್ಲ ಎಂದು ತುಂಬಾ ಜನ ಕೇಳುತ್ತಾರೆ. ಹಾಕಿದ್ದೇವೆ. ಇಂಗ್ಲಿಷ್ ಬೈಗುಳದ ಪಟ್ಟಿ ಹಾಕಿದ ಮೊದಲ ದಿನವೇ ಪಕ್ಕದ ಹಾಸನ ಜಿಲ್ಲೆಯ ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ (***) ಬಂತು. ಇಂಗ್ಲಿಷ್ ಅಕ್ಷರದಲ್ಲಿ ಆ ಊರಿನ ಹೆಸರೊಳಗೆ ಒಂದು ಬೈಗುಳ ಕೂತಿದೆ ನೋಡಿ! ನಮ್ಮ ಮಕ್ಕಳು ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ, ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. 'ಏನ್ ಮಗಾ' ಅಂದರೆ ಪ್ರೀತಿ, 'ಏಯ್ ಮಗನೆ' ಅಂದರೆ ಜಗಳ. ಇನ್ನು 'ಲೈನ್ ಮನೆ'ಯನ್ನು ಯಾವ ಪಟ್ಟಿಯಲ್ಲಿ ಹಾಕುತ್ತೀರಿ? ಅದು ಬೈಗುಳವೇ ಅಲ್ಲ. ಸಾವಿರಾರು ಜನರ ಮನೆ.

ಐಪಿ ಬ್ಯಾನ್, ಅಂದರೆ ಖಾತೆಯ ಬದಲು ಇಂಟರ್ನೆಟ್ ವಿಳಾಸವನ್ನೇ ತಡೆಯುವುದು, ಅದರ ಬಗ್ಗೆ ಒಂದು ಮಾತು. ಮೊಬೈಲ್ ನೆಟ್‌ವರ್ಕ್‌ನಲ್ಲಿ ಒಂದೇ ಐಪಿ ವಿಳಾಸದ ಹಿಂದೆ ತುಂಬಾ ಜನ ಇರುತ್ತಾರೆ. ಒಬ್ಬನಿಗೆ ಹಾಕಿದ ಬ್ಯಾನ್ ಸಂಬಂಧವೇ ಇಲ್ಲದ ಇನ್ನೊಬ್ಬನನ್ನು ಹೊರಗೆ ತಳ್ಳುತ್ತದೆ. ಇದರಿಂದ ಒಬ್ಬ ಹುಡುಗಿ ನಾಲ್ಕು ದಿನ ಒಳಗೆ ಬರಲಾಗದೆ ಅತ್ತಿದ್ದಳು. ಈಗ ಖಾತೆಗೆ ಮಾತ್ರ ಬ್ಯಾನ್.

ಇಷ್ಟೆಲ್ಲ ಕೇಳಿ ನೋಡಿ ಮಾಡುವ ನಾನು ಒಂದು ವಿಷಯದಲ್ಲಿ ಮಾತ್ರ ಕಾಯುವುದಿಲ್ಲ. ದೊಡ್ಡವರು ಯಾರಾದರೂ ಮಕ್ಕಳ ಹತ್ತಿರ ಫೋಟೋ ಕೇಳಿದರೆ, 'ಮನೆಯಲ್ಲಿ ಹೇಳಬೇಡ' ಅಂದರೆ, ಅದೇ ಕ್ಷಣ ಬ್ಯಾನ್. ಚಾಟ್ ಅಳಿಸಬಾರದು, ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದು ಅಪ್ಪ ಅಮ್ಮನಿಗೆ ಫೋನ್ ಮಾಡಬೇಕು. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930. ಈ ಎರಡು ನಂಬರ್ ಸರ್ವರ್‌ಗೆ ಬಂದ ಕೂಡಲೇ ಎದುರಿಗೆ ಕಾಣುವ ಬೋರ್ಡ್ ಮೇಲೆ ಬರೆಸಿದ್ದೇನೆ.

ಈಗ ವಾಯ್ಸ್ ಚಾಟ್ ತೆರೆದಿರುವಾಗ ನಮ್ಮಲ್ಲಿ ಒಬ್ಬರಾದರೂ ಒಳಗಿರಬೇಕು ಎಂದು ಮಾಡಿಕೊಂಡಿದ್ದೇವೆ. ಯಾರೂ ಇಲ್ಲದಿದ್ದರೆ ಅದು ಬಂದ್. ಮಳೆಗಾಲಕ್ಕೆ ಕೊಡಗಿನ ಹೊರಗಿನ ಇಬ್ಬರನ್ನು ಸೇರಿಸಿಕೊಂಡಿದ್ದೇವೆ, ಮೈಸೂರಿನ ಒಬ್ಬರು, ದುಬೈಯಲ್ಲಿರುವ ನಾಪೋಕ್ಲು ಕಡೆಯ ಒಬ್ಬ ಅಣ್ಣ. ನಮಗೆ ಮಧ್ಯರಾತ್ರಿ ಆದಾಗ ದುಬೈ ಅಣ್ಣನಿಗಿನ್ನೂ ಹತ್ತೂವರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಹೊತ್ತು ಅವರದು.