ಬೇರೆಯವರ ಪಾರ್ಸೆಲ್ ವಿದೇಶಕ್ಕೆ ಒಯ್ಯುವ ಮುಂಚೆ ಏನೇನು ನೋಡಬೇಕು

ನಮ್ಮ ಮಂಗಳೂರು, ಉಡುಪಿ, ಭಟ್ಕಳದ ಕಡೆ ಯಾರಾದರೂ ಗಲ್ಫ್‌ಗೆ ಹೊರಟರೆ ಹಿಂದಿನ ದಿನ ಸಂಜೆಯಿಂದಲೇ ಮನೆಗೆ ಜನ ಬರುತ್ತಾರೆ. ಒಬ್ಬರ ಕೈಯಲ್ಲಿ ಹಲಸಿನ ಹಪ್ಪಳ, ಇನ್ನೊಬ್ಬರ ಕೈಯಲ್ಲಿ ಉಪ್ಪಿನಕಾಯಿ ಬಾಟಲಿ, ಮತ್ತೊಬ್ಬರದು ಟೇಪ್ ಸುತ್ತಿದ ಸಣ್ಣ ಪೊಟ್ಟಣ. "ತೂಕ ಏನೂ ಇಲ್ಲ ಮಾರಾಯ, ಏರ್‌ಪೋರ್ಟಿಗೆ ನಮ್ಮ ಹುಡುಗನೇ ಬಂದು ತಗೊಳ್ತಾನೆ" ಅಂತಾರೆ. ಇಲ್ಲ ಅನ್ನೋದು ಕಷ್ಟ. ನಾಳೆ ನಮಗೂ ಅವರಿಂದ ಏನಾದರೂ ತರಿಸಬೇಕಾಗುತ್ತೆ, ಅಲ್ವಾ?

ಈ ನಂಬಿಕೆಯ ಮೇಲೆಯೇ ಡ್ರಗ್ಸ್ ಸಾಗಿಸುವವರ ಕಣ್ಣು.

2019ರ ಜುಲೈನಲ್ಲಿ ಮುಂಬೈನ ಒಂದು ದಂಪತಿಗೆ ಹತ್ತಿರದ ಸಂಬಂಧಿಯೊಬ್ಬರು ಕತಾರ್‌ಗೆ ಹನಿಮೂನ್ ಟಿಕೆಟ್ ಮಾಡಿಸಿಕೊಟ್ಟರು. ಜೊತೆಗೆ ಒಂದು ಪೊಟ್ಟಣವನ್ನೂ ಕೊಟ್ಟರು. ಜರ್ದಾ (ತಂಬಾಕು) ಅಂದರು, ಅಲ್ಲಿ ಒಬ್ಬರಿಗೆ ತಲುಪಿಸಬೇಕು ಅಂದರು. ದೋಹಾ ಏರ್‌ಪೋರ್ಟಿನಲ್ಲಿ ಬ್ಯಾಗ್ ತೆರೆದಾಗ ಸಿಕ್ಕಿದ್ದು 4.1 ಕಿಲೋ ಚರಸ್. ಇಬ್ಬರಿಗೂ ತಲಾ 10 ವರ್ಷ ಜೈಲು. ಹೆಂಡತಿ ಆಗ ಗರ್ಭಿಣಿ, ಮಗು ಹುಟ್ಟಿದ್ದು ಜೈಲಿನಲ್ಲೇ. ಊರಲ್ಲಿದ್ದ ಮನೆಯವರು ಎನ್‌ಸಿಬಿಗೆ (ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆ) ದೂರು ಕೊಟ್ಟರು, ಇಲ್ಲಿ ತನಿಖೆಯಾಯಿತು, ರಾಯಭಾರ ಕಚೇರಿ ಕೈಜೋಡಿಸಿತು, ಕೇಸು ಮತ್ತೆ ವಿಚಾರಣೆಗೆ ಬಂದು 2021ರಲ್ಲಿ ಇಬ್ಬರೂ ನಿರ್ದೋಷಿ ಅಂತ ತೀರ್ಪಾಯಿತು. ಸುಮಾರು ಎರಡು ವರ್ಷ ಹೋಗಿದ್ದು ಹೋಯ್ತು. ಅಷ್ಟಾದರೂ ಅವರದು ಅದೃಷ್ಟ ಅಂತಲೇ ನಾನು ಹೇಳುತ್ತೇನೆ, ಯಾಕಂದರೆ ಇಂಥ ಕೇಸಿನಲ್ಲಿ ಹೊರಗೆ ಬರುವವರು ಕಡಿಮೆ.

ಹಾಗಾದರೆ ಏನು ಮಾಡಬೇಕು? ಮೊದಲು ಸೂಟ್‌ಕೇಸ್ ನೀವೇ ತುಂಬಿ. ಅಮ್ಮನಾಗಲಿ, ಹೆಂಡತಿಯಾಗಲಿ ಸಹಾಯ ಮಾಡಲಿ, ಆದರೆ ಒಳಗೆ ಹೋಗುವ ಪ್ರತಿಯೊಂದು ವಸ್ತು ನಿಮ್ಮ ಕೈ ದಾಟಿಯೇ ಹೋಗಬೇಕು. ಖಾಲಿ ಸೂಟ್‌ಕೇಸನ್ನು ಯಾರಾದರೂ ಉಡುಗೊರೆ ಕೊಟ್ಟರೆ, ಎರವಲು ಕೊಟ್ಟರೆ ತೊಗೊಳ್ಳಲೇಬೇಡಿ. ಅದರ ಒಳಬಟ್ಟೆಯ ಹಿಂದೆ, ತಳದ ಹಲಗೆಯ ಕೆಳಗೆ ಏನಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ.

ಬೇರೆಯವರ ಸಾಮಾನು ಒಯ್ಯಲೇಬೇಕು ಅಂತಾದರೆ ಅವರ ಎದುರಿಗೇ ಬಿಚ್ಚಿ ನೋಡಿ. ಅವರು ಹೋದ ಮೇಲೆ ಅಲ್ಲ, ಎದುರಿಗೇ. ಟೇಪ್ ಕತ್ತರಿಸಿ, ಡಬ್ಬಿಯ ಮುಚ್ಚಳ ತೆಗೆದು, ಪುಡಿ ಇದ್ದರೆ ಬೇರೆ ಪಾತ್ರೆಗೆ ಸುರಿದು, ಬಟ್ಟೆ ಇದ್ದರೆ ಮಡಿಕೆ ಬಿಡಿಸಿ, ಚಪ್ಪಲಿ ಇದ್ದರೆ ಅಟ್ಟೆ ಒತ್ತಿ ನೋಡಿ. ಬಿಚ್ಚಲು ಆಗದ್ದನ್ನು ಒಯ್ಯಬೇಡಿ. ಸೀಲ್ ಮಾಡಿದ ಪೊಟ್ಟಣ, ಹೊಲಿದ ದಿಂಬು, ಬೆಸುಗೆ ಹಾಕಿದ ಡಬ್ಬಿ, ಯಾವುದೂ ಬೇಡ. ನಿಜವಾಗಿ ಹಪ್ಪಳವೇ ಇದ್ದರೆ ಬಿಚ್ಚಿದಾಗ ಯಾರಿಗೂ ನಷ್ಟವಿಲ್ಲ.

ಬೇಜಾರಾಗುತ್ತದೆ ಅಂತ ಭಯವೇ? ಹೀಗೆ ಹೇಳಿ: "ಮಾವ, ತಪ್ಪು ತಿಳ್ಕೋಬೇಡಿ, ನನ್ನ ಕಂಪನಿಯವರು ಬೇರೆಯವರ ಸಾಮಾನು ನೋಡದೆ ತರಲೇಬಾರದು ಅಂದಿದ್ದಾರೆ, ಬಿಚ್ಚಿ ನೋಡದೆ ನಾನು ಏನೂ ಇಡೋದಿಲ್ಲ." ಒಳ್ಳೆಯವರು ಅರ್ಥ ಮಾಡಿಕೊಳ್ಳುತ್ತಾರೆ. ಬಿಚ್ಚಬೇಡ ಅಂತ ಯಾರಾದರೂ ಹಟ ಹಿಡಿದರೆ ಆ ಪೊಟ್ಟಣವನ್ನು ಅವರ ಕೈಗೇ ವಾಪಸ್ ಕೊಡಿ, ಅಷ್ಟೆ.

ಅಡುಗೆಮನೆಯಿಂದಲೂ ಸಮಸ್ಯೆ ಬರುತ್ತದೆ. ನನ್ನ ತಮ್ಮ ದುಬೈಗೆ ಹೊರಟಾಗ ಅಮ್ಮ ಕೋಳಿ ಸಾರಿನ ಮಸಾಲೆ ಪುಡಿ ಮಾಡಿಕೊಟ್ಟಿದ್ದರು. ಒಂದು ಕಿಲೋ, ಎರಡು ಕವರಿನಲ್ಲಿ ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿ. ಅದಕ್ಕೆ ಗಸಗಸೆ ಹಾಕಿದ್ದಾರೆ ಅಂತ ಗೊತ್ತಾಗಿದ್ದು ಹೊರಡುವ ಮೂರು ಗಂಟೆ ಮುಂಚೆ. ನಮಗೆ ಗಸಗಸೆ ಅಂದರೆ ಪಾಯಸ. ಆದರೆ ಯುಎಇ, ಸೌದಿಯಲ್ಲಿ ಅದು ನಿಷೇಧಿತ ವಸ್ತು, ಯಾಕಂದರೆ ಅಫೀಮು ಬರುವ ಗಿಡದ ಬೀಜವೇ ಅದು. ಅಮ್ಮನಿಗೆ ನಂಬಲು ಆಗಲಿಲ್ಲ. ಪುಡಿ ಮನೆಯಲ್ಲೇ ಉಳಿಯಿತು. ತಮ್ಮ ಬರೀ ಕೊತ್ತಂಬರಿ, ಮೆಣಸಿನ ಪುಡಿ ಒಯ್ದ.

ಮಾತ್ರೆಗಳ ವಿಷಯವೂ ಇದೇ. ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ಆಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆ ಗಲ್ಫ್ ದೇಶಗಳಲ್ಲಿ ಕಟ್ಟುನಿಟ್ಟಿನ ಪಟ್ಟಿಯಲ್ಲಿವೆ. ನಿಮಗೇ ಬೇಕಾದ ಔಷಧಿಯಾದರೆ ಡಾಕ್ಟರ್ ಚೀಟಿ ಇಟ್ಟುಕೊಳ್ಳಿ, ಹೋಗುವ ದೇಶದ ಆರೋಗ್ಯ ಇಲಾಖೆಯ ಅನುಮತಿ ಬೇಕಾ ಅಂತ ಮೊದಲೇ ನೋಡಿ. ಪಕ್ಕದ ಮನೆಯ ಅಜ್ಜನ ಮಾತ್ರೆಯನ್ನು ಅವರ ಮಗನಿಗೆ ಅಂತ ಒಯ್ಯುವುದು ಮಾತ್ರ ಬೇಡವೇ ಬೇಡ.

ಇನ್ನು ಕಾಲೇಜು ಹುಡುಗರಿಗೆ, ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. "ಬ್ಯಾಂಕಾಕ್‌ಗೆ ಫ್ರೀ ಟ್ರಿಪ್, ಬರುವಾಗ ಒಂದು ಬ್ಯಾಗ್ ತಂದರೆ ಸಾಕು" ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. 2022ರಲ್ಲಿ ಥಾಯ್ಲೆಂಡ್ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆಯಿತು. ಆಮೇಲೆ ಅಲ್ಲಿಂದ ಬರುವ ಹೈಡ್ರೋಪೋನಿಕ್ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ) ಗಾಂಜಾ ಬೆಂಗಳೂರು ಏರ್‌ಪೋರ್ಟಿನಲ್ಲಿ ಪದೇ ಪದೇ ಸಿಕ್ಕಿಬೀಳುತ್ತಿದೆ. ಅಲ್ಲಿ ಸಿಗುತ್ತದೆ ಅಂದ ಮಾತ್ರಕ್ಕೆ ಇಲ್ಲಿ ತರುವಂತಿಲ್ಲ. ಮಾದಕ ವಸ್ತುಗಳ ಬಗ್ಗೆ ಇರುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 20 ಕಿಲೋ ಗಾಂಜಾ ದಾಟಿದರೆ, ಎಂಡಿಎಂಎ ಎಂಬ ರಾಸಾಯನಿಕ ಡ್ರಗ್ ಆದರೆ ಬರೀ 10 ಗ್ರಾಂ ದಾಟಿದರೆ, ಕನಿಷ್ಠ 10 ವರ್ಷ ಜೈಲು. ಬೇಲ್ ಸಿಗುವುದು ತುಂಬಾ ಕಷ್ಟ. "ನನಗೆ ಗೊತ್ತಿರಲಿಲ್ಲ" ಅನ್ನೋದನ್ನು ನೀವೇ ಸಾಬೀತು ಮಾಡಬೇಕು, ಈ ಕಾಯ್ದೆಯಲ್ಲಿ ಕೋರ್ಟು ನಿಮಗೆ ಗೊತ್ತಿತ್ತು ಅಂತಲೇ ಶುರು ಮಾಡುತ್ತದೆ. ಸಿಂಗಾಪುರದಲ್ಲಂತೂ 500 ಗ್ರಾಂಗಿಂತ ಜಾಸ್ತಿ ಗಾಂಜಾ ಸಾಗಿಸಿದರೆ ಗಲ್ಲು ಶಿಕ್ಷೆಯವರೆಗೂ ಹೋಗುತ್ತದೆ.

ಹಿಂದೆ ಇರುವ ದೊಡ್ಡ ಕುಳ ಯಾವತ್ತೂ ಬ್ಯಾಗ್ ಮುಟ್ಟುವುದಿಲ್ಲ. 2024ರಲ್ಲಿ ಮಂಗಳೂರಿನ ಪಂಪ್‌ವೆಲ್ ಬಳಿಯ ಲಾಡ್ಜ್‌ನಲ್ಲಿ ಒಬ್ಬನ ಹತ್ತಿರ ಸಿಕ್ಕಿದ್ದು ಬರೀ 15 ಗ್ರಾಂ ಎಂಡಿಎಂಎ. ಮಂಗಳೂರು ಪೊಲೀಸರು ಆ ಎಳೆ ಹಿಡಿದು ಹೋದರು. 2025ರ ಮಾರ್ಚ್‌ನಲ್ಲಿ ಅದು ಮುಟ್ಟಿದ್ದು ದೆಹಲಿಯಿಂದ ವಿಮಾನದಲ್ಲಿ ಬಂದ ಇಬ್ಬರು ದಕ್ಷಿಣ ಆಫ್ರಿಕಾದ ಹೆಂಗಸರ ಟ್ರಾಲಿ ಬ್ಯಾಗುಗಳನ್ನು. ಒಳಗೆ 37 ಕಿಲೋಗಿಂತ ಜಾಸ್ತಿ ಎಂಡಿಎಂಎ. ಅಷ್ಟು ದೊಡ್ಡ ಜಾಲ ಬಂದು ಮುಟ್ಟುವುದು ನಮ್ಮ ಊರಿನ ಹಾಸ್ಟೆಲ್ ಕೋಣೆಯನ್ನೇ. ಇದನ್ನು ನೆನೆಸಿಕೊಂಡರೆ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಹೊರಡುವ ಮುಂಚೆ ಮನೆಯಲ್ಲೇ ಏನಾದರೂ ಅನುಮಾನದ ವಸ್ತು ಸಿಕ್ಕರೆ ಮೂಸಬೇಡಿ, ರುಚಿ ನೋಡಬೇಡಿ, ಹೆದರಿ ಚರಂಡಿಗೆ ಎಸೆಯಬೇಡಿ, ಕೊಟ್ಟವರಿಗೆ ಫೋನ್ ಮಾಡಿ ಜಗಳವೂ ಬೇಡ. ಇದ್ದ ಹಾಗೇ ಬಿಟ್ಟು 112ಕ್ಕೆ, ಇಲ್ಲವೇ ಎನ್‌ಸಿಬಿಯ 1933 ನಂಬರಿಗೆ ಕರೆ ಮಾಡಿ. ಕೊಟ್ಟವರ ವಾಟ್ಸಾಪ್ ಮೆಸೇಜ್ ಯಾವುದನ್ನೂ ಅಳಿಸಬೇಡಿ.

ಏರ್‌ಪೋರ್ಟಿನಲ್ಲಿ ಯಾರಾದರೂ ವಯಸ್ಸಾದವರು "ಮಗಾ, ನನ್ನದು ತೂಕ ಜಾಸ್ತಿ ಆಯ್ತು, ಈ ಚೀಲ ನಿನ್ನ ಲೆಕ್ಕದಲ್ಲಿ ಹಾಕು" ಅಂದರೆ ಕೌಂಟರಿನವರನ್ನು ಕರೆದು ಅವರಿಗೆ ಸಹಾಯ ಮಾಡಿಸಿ. ಚೀಲಕ್ಕೆ ಕೈ ಹಾಕಬೇಡಿ. ಕಲ್ಲು ಮನಸ್ಸು ಅನ್ನಿಸಿದರೂ ಪರವಾಗಿಲ್ಲ.

ಒಂದು ವೇಳೆ ಹೊರದೇಶದಲ್ಲಿ ಸಿಕ್ಕಿಬಿದ್ದರೆ, ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ. ದುಭಾಷಿ ಬೇಕು ಅಂತ ಕೇಳಿ. "ಭಾರತದ ರಾಯಭಾರ ಕಚೇರಿಗೆ ತಿಳಿಸಿ" ಅಂತ ಮತ್ತೆ ಮತ್ತೆ ಹೇಳಿ, ಅದು 1963ರ ವಿಯೆನ್ನಾ ಒಪ್ಪಂದ ಕೊಟ್ಟಿರುವ ಹಕ್ಕು. ಮನೆಯವರು ಇಲ್ಲಿ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಬೇಕು, ಪಾರ್ಸೆಲ್ ಕೊಟ್ಟವರ ಬಗ್ಗೆ ಪೊಲೀಸರಿಗೆ ಬರೆದು ಕೊಡಬೇಕು. ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಟ್ಟರೆ ಒಳಗಿರುವವರಿಗೆ ದಿನಗಳು ಕಳೆದುಹೋಗುತ್ತವೆ.

ಅದಕ್ಕೇ ನಮ್ಮ ಮನೆಯಲ್ಲಿ ಈಗ ಒಂದು ಅಭ್ಯಾಸ ಇದೆ. ಸೂಟ್‌ಕೇಸಿಗೆ ಜಿಪ್ ಹಾಕುವ ಮುಂಚೆ ಒಳಗಿರುವುದನ್ನೆಲ್ಲ ಮಂಚದ ಮೇಲೆ ಹರಡಿ ಒಂದು ವಿಡಿಯೋ ಮಾಡುತ್ತೇವೆ. ಯಾರು ಏನು ಕೊಟ್ಟರು ಅಂತ ಹೆಸರು ಹೇಳುತ್ತಾ. ಅದು ಅಮ್ಮನ ಫೋನಿನಲ್ಲಿ ಇರುತ್ತದೆ.