ವುಲ್ಮನ್‌ನನ್ನು ನಾವು ಓದಿದ ರೀತಿ

ಚರ್ಚು, ಮಸೀದಿ, ದೇವಸ್ಥಾನಗಳಲ್ಲಿ ವಲಸಿಗರನ್ನು ಸಾಮಾನ್ಯವಾಗಿ ಹಿಡಿಯಬಾರದು ಎಂದಿದ್ದ ಹಳೆಯ ಕಟ್ಟುಪಾಡನ್ನು ಅಮೆರಿಕ ಸರ್ಕಾರ 2025ರ ಜನವರಿಯಲ್ಲಿ ತೆಗೆದುಹಾಕಿತು. ಅದೇ ತಿಂಗಳು ಫಿಲಡೆಲ್ಫಿಯಾ ಇಯರ್ಲಿ ಮೀಟಿಂಗ್ ಮತ್ತಿತರ ಕ್ವೇಕರ್ ಸಂಘಗಳು ಕೋರ್ಟಿಗೆ ಹೋದವು. ಕ್ವೇಕರರೆಂದರೆ ಮೌನದಲ್ಲಿ ಕೂತು ಆರಾಧಿಸುವ ಒಂದು ಕ್ರೈಸ್ತ ಮೂಲದ ಪಂಥ. ಫೆಬ್ರವರಿಯಲ್ಲಿ ಮೇರಿಲ್ಯಾಂಡಿನ ಫೆಡರಲ್ ನ್ಯಾಯಾಲಯ ಅರ್ಜಿದಾರರ ಮಟ್ಟಿಗೆ ತಾತ್ಕಾಲಿಕ ತಡೆ ಕೊಟ್ಟಿತು. ಕೋರ್ಟಿನ ಕೆಲಸ ಕೋರ್ಟಿಗಾಯಿತು, ನಮ್ಮ ಪಾಲಿನದು ಯಾವುದು? ಪೆನ್ಸಿಲ್ವೇನಿಯಾದ ನಮ್ಮ ಸಣ್ಣ ಕ್ವೇಕರ್ ಸಭೆಯಲ್ಲಿ ಅಧ್ಯಯನ ಗುಂಪು ಶುರುವಾಗಿದ್ದು ಈ ಪ್ರಶ್ನೆಯಿಂದ.

ಓದಲು ಆರಿಸಿಕೊಂಡದ್ದು ಜಾನ್ ವುಲ್ಮನ್‌ನ ದಿನಚರಿ. 1720ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಈತ ದರ್ಜಿ. ಗುಲಾಮಗಿರಿ ಬೇಡವೆಂದು ಕ್ವೇಕರರ ಮನೆಮನೆಗೆ ನಡೆದವನು. ಆಗ ಕ್ವೇಕರರಲ್ಲೇ ಬಹಳ ಮಂದಿ ಗುಲಾಮರನ್ನು ಇಟ್ಟುಕೊಂಡಿದ್ದರು.

ನಮ್ಮ ಕ್ರಮ ಸರಳ. ಒಬ್ಬರು ಒಂದು ಪ್ಯಾರಾ ಗಟ್ಟಿಯಾಗಿ ಓದುತ್ತಾರೆ, ಆಮೇಲೆ ಮೌನ. ಮಾತು ಬಂದವರು ಒಂದು ಸಲ ಮಾತಾಡುತ್ತಾರೆ, ಅದೂ ತಮ್ಮ ಬದುಕಿನಿಂದ. ಯಾರೂ ಉತ್ತರ ಕೊಡುವುದಿಲ್ಲ, ತಿದ್ದುವುದಿಲ್ಲ. ಚರ್ಚೆಯಲ್ಲೇ ಬೆಳೆದ ನನಗೆ ಎದುರಿನವರ ಮಾತಿಗೆ ಮರುಮಾತು ಕೊಡದೆ ಕೂರುವುದು ಬಹಳ ಕಷ್ಟವಾಯಿತು. ಆದರೆ ವಾದಕ್ಕೆ ಜಾಗವಿಲ್ಲದಿದ್ದಾಗ ಮನುಷ್ಯ ತನ್ನೊಳಗನ್ನೇ ನೋಡಿಕೊಳ್ಳಬೇಕಾಗುತ್ತದೆ. ಈ ಪದ್ಧತಿಯ ಬಲ ಇರುವುದೇ ಅಲ್ಲಿ ಎಂದು ನಾನು ನಂಬಿದ್ದೇನೆ.

ಒಂದು ಭಾಗದಲ್ಲಿ ವಾರಗಟ್ಟಲೆ ನಿಂತೆವು. 1757ರಲ್ಲಿ ವುಲ್ಮನ್ ದಕ್ಷಿಣದ ಕಡೆ ಪ್ರಯಾಣ ಹೊರಟ. ಗುಲಾಮರ ದುಡಿಮೆಯಿಂದ ನಡೆಯುವ ಮನೆಗಳಲ್ಲಿ ಪುಕ್ಕಟೆ ಉಂಡು ಮಲಗಲು ಅವನ ಮನಸ್ಸು ಒಪ್ಪಲಿಲ್ಲ. ಚಿಕ್ಕ ಬೆಳ್ಳಿ ನಾಣ್ಯಗಳನ್ನು ಜೊತೆಗೊಯ್ದ. ಹೊರಡುವಾಗ ಮನೆಯ ಯಜಮಾನನ ಕೈಗಿತ್ತು, ದುಡಿದವರಿಗೆ ಕೊಡಿ ಎನ್ನುತ್ತಿದ್ದ, ಕೆಲವು ಸಲ ತಾನೇ ಅವರಿಗೆ ಕೊಡುತ್ತಿದ್ದ. ಸಿರಿವಂತರ ಮುಂದೆ ಆ ನಾಣ್ಯ ಚಾಚುವುದು ತನಗೂ ಅವರಿಗೂ ಕಠಿಣವಾಗಿತ್ತು ಎಂದು ಬರೆದಿದ್ದಾನೆ. ಬೈಗುಳವಿಲ್ಲ, ಉಪದೇಶವಿಲ್ಲ, ಆದರೂ ಮುಖಕ್ಕೆ ಮುಖ ಕೊಟ್ಟು ನಿಂತ.

ಅದನ್ನು ಓದಿದ ರಾತ್ರಿ ನನಗೆ ನೆನಪಾದದ್ದು ನಮ್ಮ ಮನೆ ಸ್ವಚ್ಛ ಮಾಡಲು ಬರುವ ಗ್ವಾಟೆಮಾಲಾದ ಹೆಂಗಸು. ಹಿಮ ಬಿದ್ದ ದಿನ, ನಾವು ಊರಲ್ಲಿಲ್ಲದ ವಾರ ಅವರಿಗೆ ಸಂಬಳವಿಲ್ಲ. ನನಗೆ ಮಾತ್ರ ರಜೆಗೂ ಸಂಬಳ ಬರುತ್ತದೆ. ಈಗ ಆ ದಿನಗಳ ಹಣವನ್ನೂ ಕೊಡುತ್ತೇವೆ. ಮೊದಲ ಸಲ ಕೊಟ್ಟಾಗ ಅವರು ಲೆಕ್ಕ ತಪ್ಪಿದೆ ಎಂದು ನೋಟು ಎಣಿಸಿ ವಾಪಸ್ ಚಾಚಿದರು. ನನ್ನ ಹೆಂಡತಿ ಅವರ ಕೈ ಹಿಡಿದು ವಿವರಿಸಿದಳು.

ಗುಂಪಿನ ಕೆಲಸ ನಿಧಾನವಾಗಿ ಬೆಳೆಯಿತು. ವಲಸೆ ಕೋರ್ಟಿನ ವಿಚಾರಣೆಗೆ ಹೋಗುವವರ ಜೊತೆ ಕೆಲವರು ಹೋಗುತ್ತಾರೆ, ಬೆಂಚಿನ ಮೇಲೆ ಪಕ್ಕದಲ್ಲಿ ಕೂರುತ್ತಾರೆ. ದೊಡ್ಡ ಭಿನ್ನಾಭಿಪ್ರಾಯ ಬಂದದ್ದು ಭಾನುವಾರದ ಬಾಗಿಲಿನ ವಿಷಯಕ್ಕೆ. ಒಳಗಿರುವವರ ಸುರಕ್ಷತೆಗಾಗಿ ಚಿಲಕ ಹಾಕೋಣ ಎಂದರು ಕೆಲವರು. ಬಾಗಿಲು ಹಾಕಿದರೆ ಆರಾಧನೆ ಆರಾಧನೆಯಾಗಿ ಉಳಿಯುವುದಿಲ್ಲ ಎಂದರು ಹಿರಿಯರೊಬ್ಬರು. ಕ್ವೇಕರರಲ್ಲಿ ಮತ ಹಾಕುವ ರೂಢಿಯಿಲ್ಲ. ಸಭೆ ಒಂದು ಮನಸ್ಸಿಗೆ ಬರುವವರೆಗೆ ಕ್ಲರ್ಕ್, ಅಂದರೆ ಸಭೆ ನಡೆಸುವವರು, ಕಾಯುತ್ತಾರೆ. ಮುಂದಿನ ತಿಂಗಳಿಗೆ ಹೋಯಿತು, ಅದರ ಮುಂದಿನದಕ್ಕೂ ಹೋಯಿತು. ಕೊನೆಗೆ ಬಾಗಿಲು ತೆರೆದೇ ಇರಲಿ, ಇಬ್ಬರು ಜಗಲಿಯಲ್ಲಿ ಕೂರಲಿ ಎಂದಾಯಿತು. ವಲಸೆ ಇಲಾಖೆ ತಾನೇ ಬರೆದುಕೊಂಡ ವಾರಂಟಿಗೂ ನ್ಯಾಯಾಧೀಶರು ಸಹಿ ಮಾಡಿದ ವಾರಂಟಿಗೂ ಇರುವ ವ್ಯತ್ಯಾಸವನ್ನು ವಕೀಲರೊಬ್ಬರು ಬಂದು ತಿಳಿಸಿಕೊಟ್ಟರು. ಅದನ್ನು ಬರೆದ ಹಾಳೆ ಈಗ ಬಾಗಿಲ ಹಿಂದೆ ಅಂಟಿದೆ, ಜಗಲಿಯ ಪಾಳಿ ತಿಂಗಳಿಗೊಮ್ಮೆ ಬದಲಾಗುತ್ತದೆ.