ಅಕ್ಕಿ ಚೀಲ ಎತ್ತಿ ಸೊಂಟ ಉಳಿಸಿಕೊಂಡೆ

ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ನನಗೆ ಹನ್ನೊಂದು ವರ್ಷ. ಪಾರ್ಶ್ವವಾಯು ಆದವರನ್ನು ಎಬ್ಬಿಸಿ ನಡೆಸುವುದೇ ಹೆಚ್ಚಿನ ಕೆಲಸ. ಮೂರು ವರ್ಷದ ಹಿಂದೆ ಎಡಗಡೆ ಬಲ ಇಲ್ಲದ ಅಜ್ಜರೊಬ್ಬರನ್ನು ಮಂಚದಿಂದ ವೀಲ್‌ಚೇರ್‌ಗೆ ಕೂರಿಸುತ್ತಿದ್ದೆ. ಚೇರ್‌ಗೆ ಬ್ರೇಕ್ ಹಾಕಿದ್ದೆ. ಅವರ ಸೊಂಟಕ್ಕೆ ಬೆಲ್ಟ್ ಕಟ್ಟಿದ್ದೆ. ಎದ್ದು ನಿಂತದ್ದೇ ಅವರ ಎಡ ಮೊಣಕಾಲು ತಟ್ಟನೆ ಮಡಚಿತು. ಪೂರ್ತಿ ಭಾರ ನನ್ನ ಮೇಲೆ ಬಂತು. ಅವರನ್ನು ಬೀಳಲು ಬಿಡಲಿಲ್ಲ, ಆದರೆ ನನ್ನ ಸೊಂಟ ಉಳುಕಿತು. ಅವರ ಹೆಂಡತಿ ನನ್ನ ಮುಖ ನೋಡಿ, "ಮೇಡಂ, ನಿಮಗೂ ಸೊಂಟ ನೋವು ಉಂಟಾ?" ಎಂದರು.

ಎತ್ತುವ ಕ್ರಮ ನನಗೆ ಚೆನ್ನಾಗಿ ಗೊತ್ತಿತ್ತು. ಆ ಕ್ರಮವನ್ನು ಹಿಡಿದು ನಿಲ್ಲಿಸುವಷ್ಟು ಬಲ ಕಾಲಲ್ಲಿ ಇರಲಿಲ್ಲ. "ದಿನವಿಡೀ ನಿಂತೇ ಇರ್ತೇವೆ, ಬೇರೆ ವ್ಯಾಯಾಮ ಎಂತಕ್ಕೆ?" ಎಂದು ನಮ್ಮ ಸಿಸ್ಟರ್‌ಗಳೂ ಹೇಳುತ್ತಾರೆ, ನಾನೂ ನಂಬಿದ್ದೆ. ವಾರ್ಡಿನಲ್ಲಿ ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತೇವೆ, ಮತ್ತೆ ನಾಲ್ಕು ಹೆಜ್ಜೆ. ಕಾಲು ಸೋಲುತ್ತದೆ, ಉಸಿರು ಏರುವುದಿಲ್ಲ. ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಉಸಿರೇರುವಂಥ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ರೋಗಿಗಳಿಗೆ ಇದನ್ನೇ ಬರೆದು ಕೊಡುತ್ತಿದ್ದೆ. ನನ್ನ ವಾರದಲ್ಲಿ ಎರಡೂ ಇರಲಿಲ್ಲ.

ನೋವು ಇಳಿದ ಮೇಲೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದರಿಂದ ಶುರು ಮಾಡಿದೆ. ಆಮೇಲೆ ಒಂದು ಗಟ್ಟಿ ಬ್ಯಾಗಿಗೆ ಐದು ಕಿಲೋ ಕುಚ್ಚಲಕ್ಕಿ ತುಂಬಿದೆ. ಎರಡು ಪಾದಗಳ ನಡುವೆ ಬ್ಯಾಗ್. ಬೆನ್ನು ನೇರ, ಮೊಣಕಾಲು ಸ್ವಲ್ಪ ಮಡಚಿ, ಹಿಂದೆ ಇರುವ ಬಾಗಿಲನ್ನು ಪೃಷ್ಠದಿಂದ ದೂಡುವ ಹಾಗೆ ಬಾಗುವುದು. ಬ್ಯಾಗ್ ಮೈಗೆ ತಾಗಿಕೊಂಡೇ ಮೇಲೆ ಬರಬೇಕು, ಏಕೆಂದರೆ ರೋಗಿಯನ್ನೂ ನಾವು ಹಾಗೇ ಹತ್ತಿರ ಹಿಡಿಯುತ್ತೇವೆ ಅಲ್ವಾ? ಎಂಟು ಸಲದಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಎರಡನೇ ತಿಂಗಳಿಗೆ ಹತ್ತು ಕಿಲೋ, ಆರು ತಿಂಗಳಿಗೆ ಇಪ್ಪತ್ತು. ಎಂಟನೇ ಸಲವೂ ಸುಲಭ ಅನಿಸಿದರೆ ಮಾತ್ರ ಅಕ್ಕಿ ಜಾಸ್ತಿ ಮಾಡುತ್ತಿದ್ದೆ. ಅವಸರ ಮಾಡಲೇಬಾರದು.

ಉಸಿರಿಗೆ ಕದ್ರಿ ದೇವಸ್ಥಾನದ ಹಿಂದಿನ ಗುಡ್ಡದ ಮೆಟ್ಟಿಲು. ಜೂನ್ ಬಂದರೆ ಪಾಚಿ ಕಟ್ಟಿ ಜಾರುತ್ತದೆ, ಆಗ ನಮ್ಮ ಫ್ಲ್ಯಾಟಿನ ಮೆಟ್ಟಿಲೇ ಸಾಕು. ಬರೀ ಚಹಾ ಕುಡಿದು ಡ್ಯೂಟಿಗೆ ಓಡುವುದನ್ನು ಬಿಟ್ಟೆ. ಈಗ ಗಂಜಿ, ಜೊತೆಗೆ ಹೆಸರುಕಾಳು ಪಲ್ಯ ಅಥವಾ ಮೊಟ್ಟೆ.

ಹೆಬ್ಬೆರಳಿನ ಬಗ್ಗೆಯೂ ಹೇಳಲೇಬೇಕು. ದಿನಕ್ಕೆ ಹತ್ತು ಹದಿನೈದು ಬೆನ್ನು ಒತ್ತುವವರಿಗೆ ಮೊದಲು ಸವೆಯುವುದು ಅದೇ. ಈಗ ಆದಷ್ಟು ಮೊಣಕೈ, ಅಂಗೈ ಬಳಸುತ್ತೇನೆ. ಸ್ನಾನದ ನಂತರ ಒದ್ದೆ ಟವೆಲ್ ಅನ್ನು ಎರಡೂ ಕಡೆಗೆ ಗಟ್ಟಿಯಾಗಿ ಹಿಂಡುತ್ತೇನೆ, ಹಿಡಿತಕ್ಕೆ ಒಳ್ಳೆಯದು.

ನೈಟ್ ಡ್ಯೂಟಿ ಮುಗಿಸಿದ ಸಿಸ್ಟರ್‌ಗಳು ಕೇಳಿದರೆ, ಮೊದಲು ಹೋಗಿ ಮಲಗಿ ಎನ್ನುತ್ತೇನೆ. ನಿದ್ದೆಗೆಟ್ಟ ಮೈಯಲ್ಲಿ ಭಾರ ಎತ್ತುವುದು ಬೇಡ.

ಹೋದ ತಿಂಗಳು ಇನ್ನೊಬ್ಬರ ಮೊಣಕಾಲು ಹಾಗೇ ಮಡಚಿತು. ನನ್ನ ಸೊಂಟ ತಾನಾಗಿ ಹಿಂದೆ ಹೋಯಿತು, ತೊಡೆ ಭಾರ ಹಿಡಿಯಿತು. ಮೆಲ್ಲ ಚೇರ್‌ನಲ್ಲಿ ಕೂರಿಸಿದೆ. ಅವರ ಮಗಳಿಗೆ ಏನಾಯಿತೆಂದೇ ತಿಳಿಯಲಿಲ್ಲ. "ಇವತ್ತು ಅಪ್ಪನನ್ನು ಎಷ್ಟು ಹೆಜ್ಜೆ ನಡೆಸ್ತೀರಿ ಮೇಡಂ?" ಎಂದು ಕೇಳಿದಳು.